ಮಿಕ್ಕ ಓಟು

ಕಂಡಕ್ಟರಣ್ಣ ನೆಲದ ಮೇಲೆ ನಿಂತರೂ ಬಸ್ಸಿನೊಳಗೆ ನಿಂತ ಹಾಗೇ ನಿಲ್ಲುತ್ತಿದ್ದರು. ಎರಡು ಕಾಲು ಅಗಲ, ಎಡಗಾಲು ಒಂದು ಗೇಣು ಮುಂದೆ, ಸೊಂಟ ಪಕ್ಕಕ್ಕೆ ವಾಲಿ, ಬೆನ್ನಿಗೆ ಕಂಬವೋ ಗೋಡೆಯೋ ಏನಾದರೊಂದು ಒರಗು. ಮದುವೆ ಮನೆಯಲ್ಲೂ ಹಾಗೇ, ಸಾವಿನ ಮನೆಯಲ್ಲೂ ಹಾಗೇ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂದು ಮೂವತ್ತು ವರ್ಷ ಓಡಾಡಿದ ಮೈ ಅದು. ರಿಟೈರಾದ ಮೇಲೂ ಭೂಮಿ ಯಾವಾಗ ಬ್ರೇಕ್ ಹಾಕುತ್ತದೋ ಎಂದು ಕಾಯುತ್ತಿತ್ತು. "ಕೂತ್ಕೊಳಣ್ಣ" ಅಂದರೆ, "ಕೂತ್ರೆ ಲೆಕ್ಕ ತಪ್ತದೆ ಕಣ್ಮಗ" ಅನ್ನುತ್ತಿದ್ದರು.

ಅವರ ಲೆಕ್ಕವೆಂದರೆ ತಲೆ ಲೆಕ್ಕ. ಮದುವೆ ಛತ್ರದ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣು ಹಾಯಿಸಿ, "ನಾನೂರಿಪ್ಪತ್ತು ಜನ ಅವ್ರೆ, ಅನ್ನಕ್ಕೆ ಇನ್ನೊಂದು ಎಸ್ರಿಡಿ" ಎಂದು ಅಡುಗೆಯವರಿಗೆ ಹೇಳಿಬಿಡುವರು. ಆ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ನಾನೀಗ ಹಾಸನದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಗೇಮ್ ಥಿಯರಿಯ ಅಧ್ಯಾಯ ಬಂದಾಗ ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ ಬರೆದು, ಇವನು ಹೀಗೆ ಮಾಡಿದರೆ ಅವನು ಏನು ಮಾಡುತ್ತಾನೆ, ಆಗ ಯಾರಿಗೆಷ್ಟು ದಕ್ಕುತ್ತದೆ ಎಂದು ಒಂದೊಂದೇ ಮನೆ ತುಂಬುತ್ತೇನೆ. ಮಕ್ಕಳು ಆಕಳಿಸುತ್ತಾರೆ. ಆಕಳಿಸದೆ ಇನ್ನೇನು ಮಾಡಿಯಾರು? ಪುಸ್ತಕದಲ್ಲಿರುವುದು ಇಬ್ಬರು ಕಳ್ಳರು, ಎರಡು ಜೈಲು ಕೋಣೆ. ಆಗ ಚಾಕ್‌ಪೀಸ್ ಕೆಳಗಿಟ್ಟು ನಮ್ಮೂರಿನ ಪಂಚಾಯ್ತಿ ಎಲೆಕ್ಷನ್ನಿನ ಕತೆ ತೆಗೆಯುತ್ತೇನೆ. ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ. ಈ ವಿದ್ಯೆಯನ್ನು ನನಗೆ ಮೊದಲು ಕಲಿಸಿದವರು ಎಂ.ಎ. ಮೇಷ್ಟರಲ್ಲ, ಕಂಡಕ್ಟರಣ್ಣ. ಅದರ ಹೆಸರು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ನಮ್ಮೂರು ಬಾಗೂರಿನಿಂದ ಒಂದಷ್ಟು ಒಳಕ್ಕಿದೆ. ನಮ್ಮ ವಾರ್ಡಿನಲ್ಲಿ ಎರಡೇ ಬೀದಿ. ಮೇಲಿನ ಬೀದಿಯಲ್ಲಿ ಜಮೀನಿದ್ದವರು, ನೀರಿನ ಟ್ಯಾಂಕು, ಟ್ಯಾಂಕಿನ ವಾಲ್ವು. ಕೆಳಗಿನ ಬೀದಿಯಲ್ಲಿ ನಾವು. ಮೇಲಿನ ಬೀದಿಗೆ ದಿನಾ ನೀರು, ನಮಗೆ ಸೋಮವಾರ ಮತ್ತು ಗುರುವಾರ, ಅದೂ ಬೆಳಿಗ್ಗೆ ಒಂದು ಗಂಟೆ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಮೊದಲಿನಿಂದ ಹಾಗೇ ಇತ್ತು, ಅಷ್ಟೆ.

ಕಂಡಕ್ಟರಣ್ಣನ ಮನೆ ಮೇಲಿನ ಬೀದಿಯಲ್ಲಿ. ನಮ್ಮೂರಲ್ಲಿ ರಾತ್ರಿ ನಿಂತು ಬೆಳಿಗ್ಗೆ ಏಳಕ್ಕೆ ಹೊರಡುವ ಬಸ್ಸು ಅವರದು. ನನ್ನಮ್ಮ ಸೊಪ್ಪಿನ ಗಂಟು ಹೊತ್ತು ಚನ್ನರಾಯಪಟ್ಟಣದ ಸಂತೆಗೆ ಹೋಗುತ್ತಿದ್ದದ್ದು ಅದರಲ್ಲೇ, ನಾನು ಪಿಯುಸಿಗೆ ಹೋಗುತ್ತಿದ್ದದ್ದೂ ಅದರಲ್ಲೇ. ಒಂದು ದಿನ ಟಿಕೆಟ್ ಕೊಡುವುದನ್ನು ನಿಲ್ಲಿಸಿ ಅವರು ಅಮ್ಮನನ್ನು ಕೇಳಿದರು.

"ಅಲ್ಲ ಕಣವ್ವಾ, ಸ್ವಾಮಾರ, ಗುರ್ವಾರ ನಿಮ್ ಬೀದಿ ಎಣ್ಮಕ್ಳು ಬಸ್ ಅತ್ತಾದೇ ಇಲ್ವಲ್ಲ? ಮಿಕ್ಕಿದ್ ದಿನ ಹನ್ನೊಂದ್ ಜನ ಬತ್ತಾರೆ. ಆ ಎರಡ್ ದಿನ ಮೂರೋ ನಾಕೋ. ಏನ್ ಕತೆ?"

"ಅವತ್ತು ನೀರ್ ಬಿಡ್ತಾರಲ್ಲಣ್ಣ. ಬಿಂದ್ಗೆ ಇಡ್ಕೊಂಡು ನಿಂತಿರ್ತವೆ" ಎಂದರು ಅಮ್ಮ.

ಕಂಡಕ್ಟರಣ್ಣ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದರು. ಆದರೆ ಮುಂದಿನ ಸೋಮವಾರ ಬಸ್ಸು ಏಳೂ ಕಾಲಾದರೂ ಹೊರಡಲಿಲ್ಲ. ಡ್ರೈವರು ಹಾರ್ನ್ ಹೊಡೆದದ್ದೇ ಹೊಡೆದದ್ದು. ಇವರು ಮೆಟ್ಟಿಲ ಮೇಲೆ ನಿಂತು, "ತಡೀಲಾ, ಇನ್ನೂ ಐದ್ ತಲೆ ಬರ್ಬೇಕು" ಅಂದರು. ನಾವು ಒದ್ದೆ ಲಂಗದಲ್ಲೇ ಓಡಿ ಬಂದು ಹತ್ತಿದೆವು. ಆ ತಡಕ್ಕೆ ಡಿಪೋದಲ್ಲಿ ಅವರಿಗೆ ಮೆಮೋ ಕೊಟ್ಟರಂತೆ. ಅವರು ರಿಟೈರಾಗುವ ತನಕ ಸೋಮವಾರ ಮತ್ತು ಗುರುವಾರ ಆ ಬಸ್ಸು ಲೇಟೇ.

ಅವರ ರಾಜಕೀಯ ಜ್ಞಾನವೆಲ್ಲ ಬಸ್ಸಿನಲ್ಲೇ ಹುಟ್ಟಿದ್ದು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಹಳೇ ವಿದ್ಯೆ ತಾನೇ? ಆ ಜಗಳ ಬಿಡಿಸಿ ಬಿಡಿಸಿ ಅವರಿಗೊಂದು ಮಾತು ಸಿಕ್ಕಿತ್ತು: "ಟವೆಲ್ ಆಕ್ದೋನೆಲ್ಲ ಸೀಟಲ್ ಕೂರಕಿಲ್ಲ. ಇಬ್ರು ಕಿತ್ತಾಡೋವಾಗ ಸುಮ್ಕೆ ನಿಂತಿದ್ದೋಳು ಕೂತ್ಕೋತಾಳೆ." ಇನ್ನೊಂದು ಮಾತು: "ಜನ ಬೋರ್ಡ್ ನೋಡಿ ಬಸ್ ಅತ್ತಕಿಲ್ಲ ಕಣ್ಮಗ, ಯಾರ್ ಅತ್ತವ್ರೆ ಅಂತ ನೋಡ್ ಅತ್ತಾರೆ." ಎಂ.ಎ.ಯಲ್ಲಿ ನನಗೆ ಇದನ್ನೇ ಹದಿನಾರು ಪುಟದಲ್ಲಿ ಕಲಿಸಿದರು.

ಅವರು ರಿಟೈರಾದ ಮರುವರ್ಷ ಪಂಚಾಯ್ತಿ ಎಲೆಕ್ಷನ್ ಬಂತು. ನಾನಾಗ ಎಂ.ಎ. ಎರಡನೇ ವರ್ಷದಲ್ಲಿದ್ದೆ. ನೀರಿನ ಕ್ಯೂನಲ್ಲಿ ನಿಂತು ನಿಂತು ರೋಸಿಹೋಗಿದ್ದ ಹೆಂಗಸರೆಲ್ಲ ಸೇರಿ ಅಮ್ಮನನ್ನು ನಿಲ್ಲಿಸಿದರು. ಅಮ್ಮ ಗೆದ್ದರೆ ಮಾಡಬೇಕಾದ ಕೆಲಸ ಒಂದೇ: ಆ ವಾಲ್ವು ನಮ್ಮ ಬೀದಿಗೂ ತಿರುಗಬೇಕು.

ವಾರ್ಡಿಗೆ ಎರಡು ಸೀಟು, ಹಾಗಾಗಿ ಒಬ್ಬೊಬ್ಬರಿಗೆ ಎರಡೆರಡು ಓಟು. ಹೆಚ್ಚು ಓಟು ಬಿದ್ದ ಇಬ್ಬರು ಮೆಂಬರು. ಹಿಂದೆ ನಮ್ಮ ಬೀದಿಯಿಂದ ನಿಂತವರೆಲ್ಲ ಸೋತಿದ್ದರು. ಮೇಲಿನ ಬೀದಿಯಲ್ಲಿ ಜನ ಜಾಸ್ತಿ, ಅದಕ್ಕೇ ಸೋಲು ಎಂದು ನಾವು ಅಂದುಕೊಂಡಿದ್ದೆವು. ಕಂಡಕ್ಟರಣ್ಣ ಒಂದು ಸಂಜೆ ನಮ್ಮ ಮನೆ ಬಾಗಿಲಿಗೆ ಒರಗಿ ನಿಂತು ಅದಲ್ಲ ಅಂದರು.

"ನೀವ್ ಸೋಲಾದು ನಿಮ್ ಒಳ್ಳೇತನದಿಂದ ಕಣವ್ವ. ಒಂದ್ ಓಟು ನಿಮ್ಮೋರ್ಗೆ ಆಕ್ತೀರಿ. ಮಿಕ್ಕಿದ್ ಒಂದು ಯಾಕ್ ಆಳಾಗ್ಬೇಕು ಅಂತ ಮೇಲಿನ ಬೀದಿಯೋರ್ಗೆ ಆಕ್ಬುಡ್ತೀರಿ. ಆ ಮಿಕ್ಕಿದ್ ಓಟೇ ನಿಮ್ಮನ್ನ ಸೋಲ್ಸಾದು."

ನಿಜವೇ. ನಮ್ಮಲ್ಲಿ ಒಂದು ಅಗುಳೂ ಎಲೆಯಲ್ಲಿ ಬಿಡಬಾರದು ಎಂದು ಬೆಳೆದವರು, ಕೈಯಲ್ಲಿರುವ ಓಟನ್ನು ಬಿಟ್ಟು ಬಂದಾರೆಯೇ? ಗದ್ದೆ ಕೆಲಸ ಕೊಡುವವರಿಗೆ, ಮದುವೆಗೆ ಪಾತ್ರೆ ಕೊಟ್ಟವರಿಗೆ, ಎದುರಿಗೆ ಸಿಕ್ಕಿ ನಕ್ಕವರಿಗೆ ಹಾಕಿ ಬರುತ್ತಿದ್ದರು.

"ಒಂದೇ ಓಟು ಆಕಿ. ಇನ್ನೊಂದ ಮನೆಗ್ ತಕಂಡ್ ಬನ್ನಿ" ಎಂದರು ಕಂಡಕ್ಟರಣ್ಣ. "ಆದ್ರೂ ಅಷ್ಟೇ ಸಾಲ್ದು. ಮೇಲಿನ ಬೀದೀಲಿ ಇಬ್ರೇ ನಿಂತ್ರೆ ನಿಮ್ಗೆ ಜಾಗ ಇಲ್ಲ. ಮೂರ್ನೇ ಟವೆಲ್ ಬೀಳ್ಬೇಕು. ಆಗ ಅವ್ರ ಓಟು ಮೂರ್ ಕಡೆ ಅರೀತದೆ, ನೀವ್ ಕೂತ್ಕಬೌದು."

ಮೇಲಿನ ಬೀದಿಯಿಂದ ರೈಸ್ ಮಿಲ್ಲಿನ ಯಜಮಾನರು ನಿಂತಿದ್ದರು, ಅವರ ಜೊತೆಗೆ ಇನ್ನೊಬ್ಬರು. ಮೂರನೆಯವರಿಗಾಗಿ ಕಾದೆವು. ನಾಮಪತ್ರದ ಕೊನೇ ದಿನ ಸಂಜೆ ಕಂಡಕ್ಟರಣ್ಣ ಬಂದರು. ಅವತ್ತು ಬಾಗಿಲಿಗೆ ಒರಗಲಿಲ್ಲ.

"ಮೂರ್ನೇ ಟವೆಲ್ ಬಿತ್ತು ಕಣವ್ವ."

"ಯಾರ್ದಣ್ಣ?"

"ನಮ್ ತಮ್ಮುಂದೇ."

ಅಯ್ಯೋ ದೇವರೇ ಎಂದು ಅಮ್ಮ ಕೂತುಬಿಟ್ಟರು. ತಾಯಿ ಸತ್ತಾಗ ಆ ತಮ್ಮ ಏಳು ವರ್ಷದವನು. ಇವರೇ ಸಾಕಿ, ಓದಿಸಿ, ಮದುವೆ ಮಾಡಿದ್ದರು. ಊರಿಗೆಲ್ಲ ಗೊತ್ತಿದ್ದ ವಿಷಯ.

"ನೀವ್ ಈ ಲೆಕ್ಕ ಬಿಟ್ಬುಡಿ ಅಣ್ಣ, ನಾವ್ ಏನೋ ಮಾಡ್ಕೋತೀವಿ" ಎಂದರು ಅಮ್ಮ.

"ಟಿಕೆಟ್ ಅರಿದ್ ಕೊಟ್ಟಾದ್ ಮ್ಯಾಕೆ ವಾಪಸ್ ಇಸ್ಕಳಾಕೆ ಆಯ್ತದಾ? ಯೋಳಿರೋ ಲೆಕ್ಕ ಯೋಳಾಗದೆ. ಅಂಗೇ ನಡ್ಸಿ" ಅಂದು ಹೋದರು.

ಇನ್ನು ಉಳಿದದ್ದು ಆ ಒಂದೇ ಓಟಿನ ಮಾತನ್ನು ಉಳಿಸಿಕೊಳ್ಳುವುದು. ಮತಗಟ್ಟೆಯೊಳಗೆ ಯಾರು ಯಾರಿಗೆ ಮುದ್ರೆ ಒತ್ತುತ್ತಾರೆ ಎಂದು ನೋಡುವವರಾರು? ನಾನೊಬ್ಬಳು ಮಿಕ್ಕಿದ್ದನ್ನು ಹಾಕಿದರೆ ಏನಾದೀತು ಎಂದು ನೂರು ಜನವೂ ಅಂದುಕೊಂಡರೆ ಮುಗಿಯಿತು. ಬೀದಿಯ ಹಿರಿಯರು ಅಂಗೈ ಮೇಲೆ ಕರ್ಪೂರ ಹಚ್ಚಿಸಿ ಆಣೆ ಮಾಡಿಸೋಣ ಅಂದರು. ಕಂಡಕ್ಟರಣ್ಣ ಬೈದರು.

"ಆಣೆ ಆಕ್ಸಿದ್ರೆ ಬದುಕೋಕೆ ಸುಳ್ಳ್ ಯೋಳೋದ ಕಲೀತಾರೆ ಅಷ್ಟೇಯ. ಅದ್ರ ಬದ್ಲು ಎಲ್ರೂ ಓಗಿ ಮೇಲಿನ ಬೀದಿಯೋರ್ಗೆ ಎದ್ರಾಎದ್ರೇ ಯೋಳ್ಬುಡಿ. ಈ ಸಲ ನಮ್ ಬೀದಿದು ಒಂದೇ ಓಟು, ಯಾರ್ಗೂ ಎರಡ್ನೇದ್ ಇಲ್ಲ ಅನ್ನಿ. ಆಗ ಎರಡ್ನೇ ಓಟ್ಗೆ ಯಾರೂ ನಿಮ್ಮುನ್ನ ಒತ್ತಾಯ ಮಾಡಕಿಲ್ಲ."

ವಾರದ ಹಿಂದಷ್ಟೇ ಕ್ಲಾಸಿನಲ್ಲಿ ಇದನ್ನೇ ಕೇಳಿದ್ದೆ: ಬಹಿರಂಗವಾಗಿ ಕಟ್ಟಿಹಾಕಿಕೊಂಡ ಕೈಗೆ ಬಲ ಜಾಸ್ತಿ. ಹೆಂಗಸರು ಹೊಲದಲ್ಲಿ, ಡೇರಿಯಲ್ಲಿ, ಅಂಗಡಿಯಲ್ಲಿ ನಗುನಗುತ್ತಾ ಹೇಳಿಕೊಂಡು ಬಂದರು. ಮಿಲ್ಲಿನ ಯಜಮಾನರು ಉರಿದುಕೊಂಡರಂತೆ. ಉರಿದುಕೊಳ್ಳಲಿ.

ಎಲೆಕ್ಷನ್ ದಿನ ಕಂಡಕ್ಟರಣ್ಣ ಸ್ಕೂಲಿನ ಕಾಂಪೌಂಡಿನಾಚೆ ನಿಂತು ತಲೆ ಎಣಿಸಿದರು. ನಮ್ಮ ಬೀದಿಯಿಂದ ಓಟು ಹಾಕಿದವರು ನೂರ ಮೂವತ್ತೆಂಟು. ಚನ್ನರಾಯಪಟ್ಟಣದಲ್ಲಿ ಎಣಿಕೆ ನಡೆದಾಗ ಅಮ್ಮನಿಗೆ ಬಂದದ್ದು ನೂರ ಮೂವತ್ತೊಂಬತ್ತು. ಮೇಲಿನ ಬೀದಿಯಿಂದಲೂ ಯಾರೋ ಪುಣ್ಯಾತ್ಮರು ಒಂದು ಹಾಕಿದ್ದಾರೆ! ನಾನು ಕುಣಿದುಬಿಟ್ಟೆ. ಮಿಲ್ಲಿನ ಯಜಮಾನರದು ಮೊದಲ ಸೀಟು, ಅದು ನಮಗೆ ಗೊತ್ತೇ ಇತ್ತು. ಎರಡನೇ ಸೀಟಿಗೆ ಕಂಡಕ್ಟರಣ್ಣನ ತಮ್ಮನ ಎಣಿಕೆ ಮುಗಿಯಿತು. ನೂರ ಮೂವತ್ತೊಂಬತ್ತು.

ಮತ್ತೆ ಎಣಿಸಿದರು. ಅಷ್ಟೇ. ಅಧಿಕಾರಿಗಳು ಎರಡು ಚೀಟಿ ಬರೆದು, ಡಬ್ಬದಲ್ಲಿ ಕುಲುಕಿ, ಒಂದನ್ನು ಎತ್ತಿದರು. ತಮ್ಮನ ಹೆಸರು ಬಂತು.

ಅಮ್ಮ ಅಳಲಿಲ್ಲ. ಬಸ್ಸಿನಲ್ಲಿ ಸುಮ್ಮನೆ ಕಿಟಕಿ ನೋಡುತ್ತಾ ಬಂದರು. ನಿಜವಾದ ನಾಶ ಶುರುವಾದದ್ದು ಆಮೇಲೆ. ಒಂದೇ ಒಂದು ಓಟು! ಯಾರೋ ಮಿಕ್ಕಿದ್ದನ್ನು ತಮ್ಮನಿಗೆ ಹಾಕಿದ್ದಾರೆ, ಅದಕ್ಕೇ ಸಮ ಆಯಿತು ಎಂದು ನಮ್ಮ ಬೀದಿ ಒಬ್ಬರನ್ನೊಬ್ಬರು ಮೂಸಿ ನೋಡತೊಡಗಿತು. ಎರಡೇ ದಿನದಲ್ಲಿ ಎಲ್ಲರ ಬೆರಳು ಒಬ್ಬ ಅಜ್ಜಿಯ ಕಡೆ ತಿರುಗಿತು. ಆಕೆ ತಮ್ಮನ ಮನೆಯ ಕೊಟ್ಟಿಗೆ ಕೆಲಸದವಳು. ಇನ್ಯಾರು ಹಾಕಿರುತ್ತಾರೆ? "ಇಲ್ಲ ಕಣ್ರಪ್ಪೋ, ನಿಮ್ ಪಾದದಾಣೆ ಇಲ್ಲ" ಎಂದು ಅಜ್ಜಿ ಗೋಳಾಡಿದರೂ ಯಾರೂ ಕೇಳಲಿಲ್ಲ. ನಾಚಿಕೆಯಿಂದ ಹೇಳುತ್ತೇನೆ, ಆಕೆಯೇ ಇರಬೇಕು ಎಂದು ನಾನೂ ಅಂದಿದ್ದೆ. ಗುರುವಾರ ಬೆಳಿಗ್ಗೆ ಮಾರಮ್ಮನ ಗುಡಿ ಮುಂದೆ ಆಕೆ ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡು ಆಣೆ ಮಾಡಬೇಕೆಂದು ತೀರ್ಮಾನವಾಯಿತು.

ಗುರುವಾರ ನೀರು ಬಿಡುವ ದಿನ. ನಲ್ಲಿಯ ಮುಂದೆ ಬಿಂದಿಗೆಗಳ ಸಾಲು, ಗುಡಿಯ ಕಡೆ ಹೊರಟ ಜನ, ನಡುವೆ ಅಜ್ಜಿ ಸೆರಗಿನಲ್ಲಿ ಕರ್ಪೂರ ಕಟ್ಟಿಕೊಂಡು ಕೂತಿದ್ದಳು. ಕಂಡಕ್ಟರಣ್ಣ ಮೇಲಿನ ಬೀದಿಯಿಂದ ಇಳಿದು ಬಂದು ನಲ್ಲಿಯ ಪಕ್ಕ, ಎಲ್ಲರ ನಡುವೆ, ಕಾಲು ಅಗಲಿಸಿ ನಿಂತರು.

"ಅಜ್ಜಮ್ಮುನ್ ಬುಡಿ. ಆ ಓಟು ನಂದು."

ಯಾರಿಗೂ ಅರ್ಥವಾಗಲಿಲ್ಲ.

"ನಿಮ್ ಬೀದಿಯೋರ್ ಒಬ್ರೂ ಮಾತ್ ತಪ್ಪಿಲ್ಲ. ನಂಗೂ ಎರಡ್ ಓಟಿತ್ತಲ್ಲ? ಒಂದ ನಿಮ್ ಬೀದಿಯಿಂದ್ ನಿಂತ ಈವಮ್ಮಂಗೆ ಆಕ್ದೆ. ಇನ್ನೊಂದ ನಮ್ ತಮ್ಮುಂಗೆ ಆಕ್ಬುಟ್ಟೆ."

ನನಗೆ ಎಲ್ಲಿತ್ತೋ ಸಿಟ್ಟು. ದೊಡ್ಡವರು ಚಿಕ್ಕವರು ನೋಡದೆ ಕೂಗಿದೆ. "ಅಣ್ಣ, ನಿಮಗೇನ್ ಲೆಕ್ಕ ಬರಲ್ವಾ? ಇಬ್ರಿಗೂ ಹಾಕಿದ್ರೆ ಒಂದನ್ನ ಇನ್ನೊಂದು ತಿಂದಾಕ್ತದೆ! ಮನೇಲಿ ಮಲ್ಗಿದ್ರೂ ಅಷ್ಟೇ ಆಗ್ತಿತ್ತು. ಊರಿಗೆಲ್ಲ ಮನೆಗ್ ತಗೊಂಡ್ ಬನ್ನಿ ಅಂದ್ರಲ್ಲ, ನೀವ್ಯಾಕ್ ತರ್ಲಿಲ್ಲ?"

ಅವರು ನನ್ನ ಮುಖ ನೋಡಿದರು. ಆ ಕಣ್ಣು ಈಗಲೂ ನನ್ನ ಮುಂದಿದೆ.

"ಅಷ್ಟೂ ಗೊತ್ತಿಲ್ವಾ ಮಗ ನಂಗೆ? ಲೆಕ್ಕ ಎಲ್ಲಾ ಗೊತ್ತಿತ್ತು. ನಿಮ್ಮವ್ವಂಗೆ ಒತ್ತಾದ್ ಮ್ಯಾಕೆ ಕಾಗ್ದ ಮಡಿಚ್ದೆ. ಮಡ್ಚೋವಾಗ ಅವುನ್ ಗುರ್ತು ಕಾಣ್ತು. ನಮ್ಮವ್ವ ಸಾಯೋವಾಗ ಅವುನ್ ಕೈಯ ನನ್ ಕೈಲ್ ಇಟ್ಟೋದ್ಲು. ಬಿಚ್ಚಿ ಒತ್ಬುಟ್ಟೆ ಕಣ್ಮಗ. ಏನ್ ಮಾಡ್ಲಿ."

ನೀರು ಬಂತು. ಯಾರೂ ಬಿಂದಿಗೆ ಹಿಡಿಯಲಿಲ್ಲ. ಅಮ್ಮನೇ ಮುಂದೆ ಹೋಗಿ, ಒಂದು ಚೊಂಬು ತುಂಬಿ ಅವರ ಕೈಗೆ ಕೊಟ್ಟರು.

"ಒಡಹುಟ್ಟಿದೋನ್ಗೆ ಆಕ್ದೆ ಇನ್ಯಾರ್ಗೆ ಆಕಾರು? ಕುಡೀರಿ ಅಣ್ಣ" ಅಂದರು. ಆಮೇಲೆ ಬೀದಿಯವರ ಕಡೆ ತಿರುಗಿ, "ಅಜ್ಜಮ್ಮುನ್ ಎಬ್ಬುಸ್ರೋ ಮೊದ್ಲು, ಬಾಯ್ ಬಿಟ್ಕಂಡ್ ನಿಂತವ್ರೆ!" ಎಂದು ಗದರಿದರು.

ಆ ಒಂದು ಮಾತು ಆಡಿದ್ದಕ್ಕೆ ಅವರಿಗಾದದ್ದು ಕಡಿಮೆಯಲ್ಲ. ಗುಟ್ಟಾಗಿ ಇಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಲಿನ ಬೀದಿಯವರು ಮಾತು ಬಿಟ್ಟರು. ಅವರ ತಮ್ಮ ತಿಂಗಳುಗಟ್ಟಲೆ ಮುಖ ಕೊಡಲಿಲ್ಲ. ನಾನು ಕೂಡ ಎಷ್ಟೋ ದಿನ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದೆ, ಮೂರ್ಖಳು. ಅಮ್ಮನೇ ಒಂದು ದಿನ ಬೈದರು. "ಓದಿ ಓದಿ ಮರುಳಾದ್ಯಲ್ಲೇ. ಅವ್ರು ಬಂದ್ ಯೋಳ್ದೆ ಓಗಿದ್ರೆ ನಮ್ ಬೀದಿ ಇನ್ನೊಂದ್ ಸಲ ಒಂದಾಗ್ತಿತ್ತಾ?" ಆವತ್ತು ಸಂಜೆ ಬಸ್ ಶೆಲ್ಟರಿಗೆ ಹೋಗಿ ಅವರ ಪಕ್ಕ ನಿಂತೆ. ನಾನು ಕ್ಷಮೆ ಕೇಳಲಿಲ್ಲ, ಅವರೂ ಅದನ್ನು ಎತ್ತಲಿಲ್ಲ. "ಪರೀಕ್ಷೆ ಯಾವಾಗ?" ಎಂದಷ್ಟೇ ಕೇಳಿದರು.

ತಮ್ಮ ಮತ್ತೆ ಮಾತಾಡಿಸಿದ ಮೇಲೆ ಅವರು ಅವನಿಗೊಂದು ಪಾಠ ಮಾಡಿದರು. ಅಲ್ಲೇ ಇದ್ದ ನಾನು ಅದನ್ನು ಕೇಳಿಸಿಕೊಂಡೆ.

"ಲೋ, ನೀನ್ ಗೆದ್ದಿರಾದು ಚೀಟೀಲಿ. ಮುಂದ್ಲ ಸಲ ಚೀಟಿ ನಿನ್ ಕಡೆ ಬತ್ತದೆ ಅಂತ ಯೋಳಕಾಯ್ತದಾ? ಕೆಳಗಿನ ಬೀದೀಲಿ ನೂರ್ ಮೂವತ್ತೆಂಟ್ ಎರಡ್ನೇ ಓಟು ಮಡುಚ್ಕಂಡ್ ಕೂತವೆ ಕಣ್ಲಾ. ಒಂದೂ ಚೆಲ್ಲಿಲ್ಲ. ಅವು ಬೇಕಾ ಬ್ಯಾಡ್ವಾ ನಿಂಗೆ?"

ತಮ್ಮ ಎರಡು ದಿನ ಯೋಚನೆ ಮಾಡಿದರು. ಮೂರನೇ ವಾರ ನಮ್ಮ ಬೀದಿಗೆ ಶನಿವಾರವೂ ನೀರು ಬಂತು. ವರ್ಷ ಕಳೆಯುವಷ್ಟರಲ್ಲಿ ದಿನ ಬಿಟ್ಟು ದಿನ. ಧರ್ಮಕ್ಕಲ್ಲ, ಪಕ್ಕಾ ಲೆಕ್ಕಕ್ಕೆ. ಬಂದ ನೀರಿಗೆ ಧರ್ಮವೇನು, ಲೆಕ್ಕವೇನು? ಬಿಂದಿಗೆ ತುಂಬಿತು. ಹುಡುಗಿಯರು ಹೊತ್ತಿಗೆ ಸರಿಯಾಗಿ ಬಸ್ಸು ಹತ್ತಿದರು. ಕಂಡಕ್ಟರಣ್ಣ ಶೆಲ್ಟರಿನ ಕಂಬಕ್ಕೆ ಒರಗಿ, ಹತ್ತಿದ ತಲೆಗಳನ್ನು ಎಣಿಸಿ, ಡ್ರೈವರಿಗೆ ತಾವೇ "ರೈಟ್!" ಎಂದು ಕೂಗುತ್ತಿದ್ದರು. ಹೊಸ ಕಂಡಕ್ಟರ್ ಹುಡುಗ ನಗುತ್ತಾ ಸುಮ್ಮನಿರುತ್ತಿದ್ದ.

ಒಂದು ಭಾನುವಾರ ಊರಿಗೆ ಬಂದು ಇಳಿದಾಗ ಅವರು ಶೆಲ್ಟರಿನ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಅವರು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. "ಕಾಲ್ ಊದ್ಕಂಡವೆ ಕಣ್ಮಗ. ನಿಲ್ಲಾಕಾಗಾಕಿಲ್ಲ" ಅಂದರು. ಹಾಸನದ ಆಸ್ಪತ್ರೆಗೆ ಸೇರಿಸಿದರು. ನನ್ನ ಕಾಲೇಜಿನಿಂದ ಅದು ಹತ್ತಿರ. ದಿನಾ ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಹಾಸಿಗೆಯಲ್ಲಿ ಮಲಗಿಯೂ ವಾರ್ಡಿನ ತಲೆ ಎಣಿಸುತ್ತಿದ್ದರು. "ಇವತ್ತು ಒಂದ್ ಕಮ್ಮಿ. ಮೂಲೆ ಮಂಚದೋರು ಓದ್ರಾ?" ಎಂದು ನರ್ಸನ್ನು ಕೇಳುವರು.

ಮುಂದಿನ ಎಲೆಕ್ಷನ್ ಹತ್ತಿರವಾಗಿತ್ತು. ಕೊನೆಯ ಸಲ ಮಾತಾಡಿದಾಗ, "ಎಷ್ಟ್ ಟವೆಲ್ ಬಿದ್ದವೆ?" ಎಂದು ಕೇಳಿದರು.

"ಇನ್ನೂ ಬಿದ್ದಿಲ್ಲಣ್ಣ. ಅಮ್ಮ ನಿಲ್ತಾರೆ. ನಿಮ್ಮ ತಮ್ಮನೂ ನಿಲ್ತಾರಂತೆ, ಮಿಲ್ಲಿನೋರೂ ನಿಲ್ತಾರಂತೆ."

"ಮೂರೇ ಜನ. ಸೀಟ್ ಎರಡು" ಎಂದು ಕಣ್ಣು ಮುಚ್ಚಿಕೊಂಡರು. ಏನೋ ಲೆಕ್ಕ ಹಾಕುತ್ತಿದ್ದಾರೆ ಎಂದು ನಾನು ಕಾದೆ. ನಿದ್ದೆ ಬಂದಿತ್ತು. ಎರಡು ದಿನಕ್ಕೆ ಹೋಗಿಬಿಟ್ಟರು.

ಮಣ್ಣಿಗೆ ಮೇಲಿನ ಬೀದಿಯವರೂ ಬಂದರು, ಕೆಳಗಿನ ಬೀದಿಯವರೂ ಬಂದರು. ಹನ್ನೊಂದು ದಿನ ಕಳೆದ ಮೇಲೆ ನಮ್ಮ ಬೀದಿಯ ಸಭೆ ಸೇರಿತು. ಈ ಸಲವೂ ಒಂದೇ ಓಟು ತಾನೇ ಎಂದು ಯಾರೋ ಕೇಳಿದರು. ಅಮ್ಮ ಎದ್ದು ನಿಂತರು.

"ಬ್ಯಾಡ. ಈ ಸಲ ಎರಡೂ ಆಕಾಣ. ಒಂದು ನಂಗೆ. ಇನ್ನೊಂದು ಕಂಡಕ್ಟ್ರಣ್ಣುನ್ ತಮ್ಮುಂಗೆ. ಅವ್ರ ಕಡೆಯೋರು ಮಿಕ್ಕಿದ್ ಓಟ ನಮ್ಗ್ ಆಕ್ಲಿ."

ನಾನು ಹೌಹಾರಿದೆ. "ಅಮ್ಮ, ಅವರು ಹಾಕದೆ ಇದ್ರೆ? ನಮ್ಮ ಓಟಿನಿಂದ ಅವರು ಗೆಲ್ತಾರೆ, ನೀವು ಮತ್ತೆ ಸೋಲ್ತೀರಾ." ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ ಅದನ್ನು! ಕೈ ಕೊಟ್ಟವನಿಗೇ ಲಾಭ.

"ಐದ್ ವರ್ಸ ನೀರ್ ಬಿಟ್ಟವ್ನೆ. ಅಣ್ಣ ಓದ್ ಮ್ಯಾಕೂ ನಿಲ್ಸಿಲ್ಲ. ಅದೂ ಒಂದ್ ಲೆಕ್ಕ ತಾನೇ?" ಅಂದರು ಅಮ್ಮ.

ನಾನೂ ಊರಿಗೆ ಹೋಗಿ ಎರಡೂ ಓಟು ಒತ್ತಿದೆ. ಎಣಿಕೆಯ ದಿನ ಚನ್ನರಾಯಪಟ್ಟಣದಲ್ಲಿ ತಮ್ಮನ ಹೆಸರು ಮೊದಲು ಕೂಗಿದರು. ಆಮೇಲೆ ಅಮ್ಮನ ಹೆಸರು ಕೂಗಿದರು. ನಮ್ಮ ಬೀದಿಯ ಓಟಿಗಿಂತ ಅರವತ್ತೆರಡು ಜಾಸ್ತಿ. ಮಿಲ್ಲಿನ ಯಜಮಾನರು ಎದ್ದು ಹೊರಟರು.

ಹೊರಗೆ ಕಾಂಪೌಂಡಿನ ಹತ್ತಿರ ತಮ್ಮ ಒಬ್ಬರೇ ನಿಂತಿದ್ದರು, ಕೊರಳಲ್ಲಿ ಹಾರ. ಅಮ್ಮನನ್ನು ಕಂಡು ಹತ್ತಿರ ಬಂದರು. "ನಮ್ಮಣ್ಣ ಇದ್ದಿದ್ರೆ ಅಕ್ಕಾ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವ್ರ್ ಅವತ್ತು ಒಬ್ರೇ ನಂಗೂ ನಿಂಗೂ ಆಕಿದ್ ಓಟ್ನೇ ಕಣಪ್ಪ, ಇವತ್ತು ನಮ್ ಬೀದಿಯೋರೆಲ್ಲಾ ಆಕಿರಾದು."